ಸರಿದ ಮೂರು ಕಲ್ಲುಗುಪ್ಪೆಗಳು

ತಿಂಗಳ ಒಂಬತ್ತನೆಯ ತಾರೀಖು, ಸೋಮವಾರ ಬೆಳಿಗ್ಗೆ 10:40ಕ್ಕೆ ಬೆಟ್ಟದ ಬುಡದ ಠಾಣೆಗೆ ದೂರು ಬಂತು. ದೂರುದಾರ ಮೂವತ್ತೈದರ ಆಸುಪಾಸಿನ ಗಂಡಸು, ಮೈಮೇಲಿನ ಮಳೆಕೋಟನ್ನು ಇನ್ನೂ ಕಳಚಿರಲಿಲ್ಲ. ಹಿಂದಿನ ದಿನ ಅವನೂ ಅವನ ಹೆಂಡತಿಯೂ ಒಬ್ಬ ಗೈಡ್ ಜೊತೆ ಜಲ್ಲಿರಸ್ತೆಯ ಕೊನೆಯ ತನಕ ಜೀಪಿನಲ್ಲಿ ಹೋಗಿ, ಅಲ್ಲಿಂದ ಕಾಲ್ದಾರಿ ಹಿಡಿದು ಬೆಟ್ಟಸಾಲಿನ ನೆತ್ತಿಗೆ ನಡೆದಿದ್ದರು. ಹನ್ನೊಂದರ ಹೊತ್ತಿಗೆ ಮಂಜು ಕವಿಯಿತು. ಗೈಡ್ ಮುಂದೆ, ಹೆಂಡತಿ ಅವನ ಹಿಂದೆ, ಈತ ಕೊನೆಗೆ. ಗೈಡ್ ದಾಟಿದ ಜಾಗದಲ್ಲೇ ಅಂಚು ಕುಸಿದು ಹೆಂಡತಿ ಇಪ್ಪತ್ತೈದು ಅಡಿ ಕೆಳಕ್ಕೆ ಬಿದ್ದಳು. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು, ಎಡಗಾಲು ಎರಡು ಕಡೆ ಮುರಿದಿತ್ತು. ಮತ್ತೆ ಮೊದಲಿನ ಹಾಗೆ ನಡೆಯುತ್ತಾಳೋ ಇಲ್ಲವೋ ಎಂದು ವೈದ್ಯರು ಹೇಳಲು ತಯಾರಿರಲಿಲ್ಲ.

"ಅವನು ದಾರಿ ತಪ್ಪಿಸಿದ. ಬರ್ಕೊಳ್ಳಿ."

"ದಾರಿ ತಪ್ಪಿದ ಅಂತ ಬರೀಲಾ, ತಪ್ಪಿಸಿದ ಅಂತ ಬರೀಲಾ?" ಠಾಣೆಯ ಬರಹಗಾರ ಕೇಳಿದ.

"ನನ್ನ ಹೆಂಡತಿ ಆಸ್ಪತ್ರೇಲಿ ಬಿದ್ದಿದಾಳೆ, ನಿಮಗೆ ಇದು ವ್ಯಾಕರಣದ ಕ್ಲಾಸಾ?"

ನಿರ್ಲಕ್ಷ್ಯದಿಂದ ತೀವ್ರ ಗಾಯ ಉಂಟುಮಾಡಿದ ಆರೋಪದ ಮೇಲೆ ಗೈಡ್ ವಿರುದ್ಧ 11:25ಕ್ಕೆ ಎಫ್‌ಐಆರ್ ದಾಖಲಾಯಿತು.

ಗೈಡನ್ನು ಹುಡುಕಿಕೊಂಡು ಹೋಗುವ ಕೆಲಸವಿರಲಿಲ್ಲ. ಭಾನುವಾರ ಸಂಜೆಯೇ ಬಂದು ಠಾಣೆಯ ಬೆಂಚಿನ ಮೇಲೆ ಕೂತಿದ್ದ. ವಯಸ್ಸು ಇಪ್ಪತ್ತಾರು. ಬಂಡೆ ಹತ್ತುವ ರೀತಿಗೆ ಊರೆಲ್ಲ ಅವನನ್ನು ಮೇಕೆ ಎಂದೇ ಕರೆಯುತ್ತಿತ್ತು. ಆರೋಪ ಸಾಬೀತಾದರೆ ಜೈಲು; ಅದಕ್ಕಿಂತ ಮೊದಲು ಗೈಡ್ ಪರವಾನಗಿ ರದ್ದಾಗುತ್ತದೆ, ಮತ್ತೆ ಎಂದೂ ಸಿಗುವುದಿಲ್ಲ. ಬೆಟ್ಟ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಕೊರಳಿನ ಪರವಾನಗಿ ಕಾರ್ಡನ್ನು ತೆಗೆದು ದಫೇದಾರನ ಕೈಗೆ ಕೊಡುವಾಗ ಅದರ ದಾರವನ್ನು ಎರಡು ಸಲ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

ಇನ್ಸ್‌ಪೆಕ್ಟರ್ ಆ ಠಾಣೆಗೆ ಬಂದು ಐದು ತಿಂಗಳಾಗಿತ್ತು. ನಲವತ್ತೆಂಟು ವಯಸ್ಸಿನ ಹೆಂಗಸು, ಮೆಟ್ಟಿಲು ಇಳಿಯುವಾಗ ಬಲಮಂಡಿ ಸದ್ದು ಮಾಡುತ್ತಿತ್ತು. ಬೆಟ್ಟದ ಕೇಸು ಎಂದ ಕೂಡಲೇ ಮೊದಲು ನೆನಪಾದದ್ದು ಆ ಮಂಡಿಯೇ.

"ಈ ದಾರೀಲಿ ಎಷ್ಟು ಸಲ ಹೋಗಿದೀಯ?"

"ನೂರಕ್ಕೆ ಕಡಿಮೆ ಇಲ್ಲ."

"ನೂರು ಸಲ ಹೋದೋನು ತಪ್ಪಿದ್ದು ಹೇಗೆ?"

"ತಪ್ಪಿಲ್ಲ ಮೇಡಂ. ಗುಪ್ಪೆ ನೋಡ್ಕೊಂಡೇ ಹೋದೆ."

ನೆತ್ತಿಯ ಮೇಲೆ ದಾರಿ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಎಲ್ಲ ಕಡೆ ಒಂದೇ ಥರದ ಹುಲ್ಲು, ಒಂದೇ ಥರದ ಬಂಡೆ. ಅದಕ್ಕೇ ಕಲ್ಲು ಪೇರಿಸಿ ಸೊಂಟದೆತ್ತರದ ಗುಪ್ಪೆಗಳನ್ನು ಕಟ್ಟಿರುತ್ತಾರೆ. ಮಂಜಿನಲ್ಲೂ ಒಂದರ ಹತ್ತಿರ ನಿಂತರೆ ಮುಂದಿನದು ಕಾಣಬೇಕು.

"ಹಾಗಾದ್ರೆ ಗುಪ್ಪೆಗಳೇ ಎದ್ದು ವಾಕಿಂಗ್ ಹೋಗಿದ್ವಾ?" ದಫೇದಾರ ಕೇಳಿದ.

"ದಾರಿ ಕುಸಿದ್ರೆ ಸರಿಸ್ತಾರೆ. ನಾವು ಯಾಕೆ ಅಂತ ಕೇಳಲ್ಲ, ಗುಪ್ಪೆ ಹೋದ ಕಡೆ ಹೋಗ್ತೀವಿ. ಹತ್ತು ದಿನದಿಂದ ಮಳೆ, ಯಾರೂ ಮೇಲೆ ಹೋಗಿರಲಿಲ್ಲ. ಆರನೇ ಗುಪ್ಪೆಯಿಂದ ಎಡಕ್ಕೆ ತಿರುಗಿತ್ತು. ಹಳೇ ದಾರಿ ಕುಸಿದಿರಬೇಕು ಅಂದ್ಕೊಂಡೆ."

"ಸರಿಸೋದು ಯಾರು?"

"ದಾರಿ ಕಾಯೋರು. ನಮ್ಮ ಮಾವ." ಆಮೇಲೆ ಸೇರಿಸಿದ: "ಕೆಲಸ ಮಾವನ ಹೆಸರಲ್ಲಿದೆ. ಅವರು ಹಾಸಿಗೆ ಹಿಡಿದು ಒಂಬತ್ತು ವರ್ಷ ಆಯ್ತು. ಅದಕ್ಕೂ ಮೊದಲಿಂದ ಮಾಡೋದು ಅತ್ತೇನೇ. ನಮ್ಮಪ್ಪನ ಅಕ್ಕ."

ಹತ್ತನೆಯ ತಾರೀಖು, ಮಂಗಳವಾರ ಬೆಳಿಗ್ಗೆ 8:30ಕ್ಕೆ ಇಲಾಖೆಯ ಜೀಪು ಹೊರಟಿತು. ಜಲ್ಲಿರಸ್ತೆ ಇಪ್ಪತ್ತಮೂರು ಕಿಲೋಮೀಟರ್, ಹದಿನಾಲ್ಕು ತಿರುವು. ಒಂದೊಂದು ತಿರುವಿಗೂ ಕಣಿವೆ ಇನ್ನಷ್ಟು ತೆರೆದುಕೊಳ್ಳುತ್ತಿತ್ತು. ಬೂದು ಬಂಡೆಗಳ ನಡುವೆ ಬಿಳಿ ಗೆರೆಯಂತೆ ಇಳಿಯುವ ನೀರು, ಅದರಾಚೆ ಒಂದರ ಬೆನ್ನಿಗೊಂದು ಒರಗಿದ ಬೆಟ್ಟಗಳು. ಇನ್ಸ್‌ಪೆಕ್ಟರ್ ಇದ್ಯಾವುದನ್ನೂ ನೋಡಲಿಲ್ಲ. ಕ್ಲಚ್ಚು ಜಾರುತ್ತಿತ್ತು. ಮನೆಯಿಂದ ಫೋನು ಬಡಿದುಕೊಳ್ಳುತ್ತಿತ್ತು. ಬೀರುವಿನ ಬೀಗದಕೈ ಎಲ್ಲಿ ಎಂದು ಗಂಡ. ಕಣ್ಣಿನ ಡ್ರಾಪ್ಸು ಎಡಗಣ್ಣಿಗೋ ಬಲಗಣ್ಣಿಗೋ ಎಂದು ಅತ್ತೆ. ಶಾಲೆಯ ಫಾರಂಗೆ ಸಹಿ ಹಾಕದೆ ಯಾಕೆ ಹೋದೆ ಎಂದು ಮಗಳು. ಒಂಬತ್ತನೆಯ ತಿರುವಿನಲ್ಲಿ ಸಿಗ್ನಲ್ ಹೋಯಿತು.

"ಇನ್ನು ಮೇಲಿನವರೊಬ್ಬರೇ ಫೋನ್ ಮಾಡ್ಬೇಕು," ದಫೇದಾರ ಆಕಾಶ ತೋರಿಸಿದ.

ರಸ್ತೆ ಮುಗಿಯುವಲ್ಲಿ ಕಲ್ಲುಗೋಡೆಯ, ತಗಡು ಚಾವಣಿಯ ಮನೆ. ಮೇಕೆಯ ಅತ್ತೆ, ಸುತ್ತಿನವರು ಗುಪ್ಪೆಯಮ್ಮ ಎನ್ನುವ ಹೆಂಗಸು, ಸೊಂಟದಲ್ಲಿ ಮೊಮ್ಮಗುವನ್ನಿಟ್ಟುಕೊಂಡು ಹೊರಗೆ ಬಂದಳು. ಅರವತ್ತರ ಹತ್ತಿರದ ಒಣಕಲು ಮೈ, ದೊಡ್ಡ ಕೈಗಳು. ಮೇಕೆಯನ್ನು ನೋಡಿ, "ಊಟ ಮಾಡಿದ್ಯೇನೋ?" ಎಂದಳು. ಅವನು ತಲೆ ಆಡಿಸಿದ. ಅಷ್ಟರಲ್ಲಿ ಒಳಗಿನಿಂದ ಗಂಡ ಕೂಗಿದ, ಹಿತ್ತಲಿನಿಂದ ಸೊಸೆ ಕೂಗಿದಳು.

"ನೀವೂ ಮೇಲೆ ಬರ್ತೀರಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಹೆಂಗೆ ಬರ್ಲಿ ತಾಯಿ, ನೋಡ್ತಿದೀರಲ್ಲ. ನೀವು ನಡೀರಿ."

ಜಲ್ಲಿ ಹರಡುವ ಕೆಲಸದ ಇಬ್ಬರನ್ನು ಪಂಚರಾಗಿ ಕರೆದುಕೊಂಡು ಮೇಲೆ ತಲುಪಿದಾಗ 12:20. ಬಿಸಿಲಿತ್ತು. ಗುಪ್ಪೆಗಳು ಒಟ್ಟು ಹನ್ನೊಂದು, ಎಲ್ಲ ಒಂದೇ ಸಾಲಿನಲ್ಲಿ ಬಲಕ್ಕೆ, ಸುರಕ್ಷಿತ ದಾರಿಯಲ್ಲಿ ನಿಂತಿದ್ದವು. ಎಡಕ್ಕೆ ಒಂದೂ ಇರಲಿಲ್ಲ. ಹೆಂಗಸು ಬಿದ್ದ ಅಂಚು ಸಾಲಿನಿಂದ ನೂರೈವತ್ತು ಅಡಿ ದೂರದಲ್ಲಿತ್ತು.

"ಎಲ್ಲಪ್ಪಾ ನಿನ್ನ ಎಡಕ್ಕೆ ತಿರುಗಿದ ಗುಪ್ಪೆ?"

ಮೇಕೆ ಏಳನೆಯ ಗುಪ್ಪೆಯ ಮುಂದೆ ನಿಂತು ಬಹಳ ಹೊತ್ತು ನೋಡಿದ.

ಅದು ತೀರಾ ಮೊನ್ನೆ ಕಟ್ಟಿದ್ದೇನೋ ನೋಡೋಣವೆಂದು ದಫೇದಾರ ಭುಜ ಕೊಟ್ಟು ದೂಡಿದ. ಗುಪ್ಪೆ ಅಲ್ಲಾಡಲಿಲ್ಲ, ಇವನ ಭುಜ ತರಚಿತು. ಪಂಚರಲ್ಲಿ ಹಿರಿಯ ನಕ್ಕ. "ಅದು ಗುಪ್ಪೆಯಮ್ಮನ ಕೈ ಸ್ವಾಮಿ. ಬುಡಕ್ಕೆ ಹಾಸುಗಲ್ಲು, ಪ್ರತಿ ಸಂದಿಗೂ ಕಲ್ಲಿನ ಚಕ್ಕೆ ಬಡಿದಿರ್ತಾರೆ. ನಾವು ಕಟ್ಟಿದ್ರೆ ಗಾಳಿಗೇ ಬೀಳತ್ತೆ."

ಪಂಚನಾಮೆ 1:40ಕ್ಕೆ ಮುಗಿಯಿತು. ಮೂರು ಪುಟ ಬರೆದದ್ದರ ಸಾರ ಇಷ್ಟೇ: ಗೈಡ್ ಹೇಳಿದ್ದು ಸುಳ್ಳು.

ಬುಧವಾರ ಬೆಳಿಗ್ಗೆ ಅವನೇ ಅದನ್ನು ಸುಲಭ ಮಾಡಿಕೊಟ್ಟ. "ನನ್ನದೇ ತಪ್ಪು ಮೇಡಂ. ಮಂಜಲ್ಲಿ ದಾರಿ ಬಿಟ್ಟೆ. ಬರ್ಕೊಳ್ಳಿ, ಸಹಿ ಹಾಕ್ತೀನಿ."

"ಸೋಮವಾರ ಬೇರೆ ಹೇಳಿದ್ದೆ."

"ಹೆದರಿದ್ದೆ."

"ಈಗ ಹೆದರಿಕೆ ಹೋಯ್ತಾ?"

ಅವನು ಗೋಡೆ ನೋಡಿದ. ಅರ್ಧ ಗಂಟೆ ಕೇಳಿದರೂ ಅದೇ ಮಾತು, ಅದೇ ಗೋಡೆ. ಇನ್ಸ್‌ಪೆಕ್ಟರ್ ಪೆನ್ನನ್ನು ಮೇಜಿನ ಮೇಲೆ ಎಸೆದಳು. ಸುಳ್ಳು ಹೇಳುವವರನ್ನು ಇಪ್ಪತ್ತು ವರ್ಷದಿಂದ ಕಂಡಿದ್ದಳು. ತಮ್ಮ ಕುತ್ತಿಗೆ ಉಳಿಸಿಕೊಳ್ಳಲು ಹೇಳುವ ಸುಳ್ಳು ಅವಳಿಗೆ ಅರ್ಥವಾಗುತ್ತಿತ್ತು. ಇದು ಹಾಗಿರಲಿಲ್ಲ.

ಅರಣ್ಯ ಇಲಾಖೆಗೆ ಫೋನು ಮಾಡಿ ಗುಪ್ಪೆಗಳ ನಕ್ಷೆ ಕೇಳಿದಳು. ಕಾಲ್ದಾರಿ ಪ್ರವಾಸೋದ್ಯಮದವರದ್ದು ಎಂದರು. ಪ್ರವಾಸೋದ್ಯಮದವರು, ಕಲ್ಲು ಅಂದರೆ ರಸ್ತೆ ವಿಭಾಗ ಎಂದರು. ರಸ್ತೆ ವಿಭಾಗದವನು, "ಜಲ್ಲಿ ಆದ್ರೆ ಹೇಳಿ ಮೇಡಂ, ಒಂದು ಹಿಡಿಗೂ ಲೆಕ್ಕ ಇದೆ. ಗುಪ್ಪೆಗೆ ಫೈಲೇ ಇಲ್ಲ," ಎಂದ. ನಾಲ್ಕು ಗಂಟೆಗೆ ಮೇಲಧಿಕಾರಿ ಕರೆ ಮಾಡಿದರು.

"ಒಪ್ಕೊಂಡಿದಾನಂತಲ್ಲ. ಇನ್ನೇನು ನೋಡ್ತಾ ಇದೀರಿ?"

"ಸರಿಯಾಗಿ ಕೂತ್ಕೊಳ್ತಿಲ್ಲ ಸರ್."

"ಕೂತ್ಕೊಳ್ಳೋದು ನಿಂತ್ಕೊಳ್ಳೋದು ಕೋರ್ಟ್ ನೋಡ್ಕೊಳ್ಳತ್ತೆ. ಶನಿವಾರದೊಳಗೆ ಮುಗಿಸಿ."

ಗುರುವಾರ, ಹನ್ನೆರಡನೆಯ ತಾರೀಖು, ಮಧ್ಯಾಹ್ನ 12:15ಕ್ಕೆ ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ದಾಖಲಾಯಿತು. ಕಾಲನ್ನು ತೂಕದ ಚೀಲಕ್ಕೆ ಕಟ್ಟಿ ಎಳೆದಿದ್ದರು. ನೋವಿನ ನಡುವೆಯೂ ಆಕೆಯ ಮಾತು ಚುರುಕಾಗಿತ್ತು.

"ಗೈಡ್ ಮೇಲೆ ಕೇಸು ಬೇಡ ಅಂದೆ, ಇವರು ಕೇಳಲಿಲ್ಲ. ಹಗ್ಗ ಬಿಟ್ಕೊಂಡು ಕೆಳಗೆ ಇಳಿದು ಬಂದಿದ್ದು ಆ ಹುಡುಗ. ಎರಡೂವರೆ ಗಂಟೆ ನನ್ನ ತಲೆ ಅಲ್ಲಾಡದ ಹಾಗೆ ಹಿಡ್ಕೊಂಡು ಕೂತಿದ್ದ."

"ನಾನು ಜನ ಕರೆಯೋಕೆ ಓಡಿದ್ದೆನಲ್ಲ," ಗಂಡ ಬಾಗಿಲ ಬಳಿಯಿಂದ ಹೇಳಿದ.

"ಹೌದು, ಓಡಿದ್ರಿ."

"ಬೀಳೋ ಮೊದಲು ಏನಾದ್ರೂ ಫೋಟೋ ತೆಗೆದಿದ್ರಾ?" ಇನ್ಸ್‌ಪೆಕ್ಟರ್ ಕೇಳಿದಳು.

ಗಾಜು ಒಡೆದ ಫೋನಿನಲ್ಲಿ ಒಂದು ಚಿತ್ರವಿತ್ತು. ಸಮಯ 10:52. ಹೆಂಗಸು ಒಂದು ಗುಪ್ಪೆಗೆ ಕೈ ಇಟ್ಟು ನಗುತ್ತಿದ್ದಳು. ಬೆನ್ನ ಹಿಂದೆ, ಮಂಜಿನಲ್ಲಿ ಅರ್ಧ ಮುಳುಗಿದ, ಬಾಯಿ ತೆರೆದಂತೆ ಸೀಳಿದ ಬಂಡೆ. ಮಂಗಳವಾರ ಆ ಬಂಡೆಗೆ ಒರಗಿಯೇ ಇನ್ಸ್‌ಪೆಕ್ಟರ್ ಮಂಡಿ ತಿಕ್ಕಿಕೊಂಡಿದ್ದಳು. ಅದು ಸಾಲಿನ ಎಡಕ್ಕಿತ್ತು, ಹತ್ತಿರದಲ್ಲಿ ಯಾವ ಗುಪ್ಪೆಯೂ ಇರಲಿಲ್ಲ.

ಹದಿಮೂರನೆಯ ತಾರೀಖು, ಶುಕ್ರವಾರ 11:30ಕ್ಕೆ ಅವರು ಮತ್ತೆ ನೆತ್ತಿಯ ಮೇಲಿದ್ದರು, ಅದೇ ಪಂಚರು, ಕೈಯಲ್ಲಿ ಆ ಚಿತ್ರದ ಪ್ರಿಂಟು. ಸೀಳುಬಂಡೆಯನ್ನು ಚಿತ್ರದ ಅಳತೆಗೆ ಹೊಂದಿಸಿಕೊಂಡು ದಫೇದಾರ ಹಿಂದಕ್ಕೆ ಹಿಂದಕ್ಕೆ ನಡೆದ.

"ಬಲಕ್ಕೆ. ಇನ್ನೂ ಸ್ವಲ್ಪ. ಹಾಂ, ನಿಲ್ಲಿ."

ಅವನ ಬೂಟಿನ ಕೆಳಗೆ ಹುಲ್ಲು ಹಳದಿಯಾಗಿತ್ತು. ತಟ್ಟೆ ಕವುಚಿಟ್ಟು ಎತ್ತಿದಂತೆ ದುಂಡಗೆ ಮಾಸಿದ ಗುರುತು. ಅಲ್ಲಿಂದ ಮುಂದೆ ಹುಡುಕಿದಾಗ ಅಂಥವೇ ಇನ್ನೆರಡು ಸಿಕ್ಕವು. ಕೊನೆಯದು ಕುಸಿದ ಅಂಚಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿತ್ತು. ನಂತರ ಸಾಲಿನ ಗುಪ್ಪೆಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಏಳು, ಎಂಟು, ಒಂಬತ್ತು, ಈ ಮೂರರಲ್ಲಿ ಕಲ್ಲಿನ ಪಾಚಿ ಒಳಮುಖವಾಗಿ, ಮಣ್ಣು ಹತ್ತಿದ ಮೈ ಹೊರಮುಖವಾಗಿ ಇತ್ತು. ಮೂರನ್ನೂ ಯಾರೋ ಎಡಕ್ಕೆ ಒಯ್ದು ಕಟ್ಟಿ, ಹೆಂಗಸು ಬಿದ್ದ ಮೇಲೆ ಅವಸರದಲ್ಲಿ ಮೊದಲಿನ ಜಾಗಕ್ಕೆ ತಂದಿದ್ದರು. ಗಾಯಾಳುವನ್ನು ಕೆಳಗಿನ ರಸ್ತೆಯಿಂದ ಸಾಗಿಸಿದ್ದರಿಂದ ಭಾನುವಾರ ಮಧ್ಯಾಹ್ನ ಮೇಲಿನ ದಾರಿಗೆ ಯಾರೂ ಬಂದಿರಲಿಲ್ಲ.

"ಅಂದ್ರೆ ಆ ಹುಡುಗ ನಿಜಾನೇ ಹೇಳಿದ್ದ," ದಫೇದಾರ ಬೆವರು ಒರೆಸಿಕೊಂಡ. "ಮತ್ತೆ ಸುಳ್ಳು ಒಪ್ಕೊಂಡಿದ್ದು ಯಾವ ಸುಖಕ್ಕೆ?"

ಇನ್ಸ್‌ಪೆಕ್ಟರ್ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದಳು. ಹೆಂಗಸಿನ ಬೆರಳುಗಳ ಪಕ್ಕ, ಎರಡು ಕಲ್ಲುಗಳ ಸಂದಿಯಲ್ಲಿ, ತೆಳ್ಳನೆಯ ಚಕ್ಕೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಅದರ ಕೆಳಗೆ ಇನ್ನೊಂದು.

"ದಾರಿ ತಪ್ಪಿಸೋಕೆ ನಾಲ್ಕು ಕಲ್ಲು ಗುಡ್ಡೆ ಹಾಕಿದ್ರೂ ಸಾಕಿತ್ತು," ಅವಳು ಹೇಳಿದಳು. "ಇದಕ್ಕೆ ಹಾಸುಗಲ್ಲು ಇಟ್ಟು, ಚಕ್ಕೆ ಬಡಿದು, ನೂರು ವರ್ಷ ನಿಲ್ಲೋ ಹಾಗೆ ಕಟ್ಟಿದಾರೆ. ಸುಳ್ಳು ಗುಪ್ಪೇನ."

ಹಿರಿಯ ಪಂಚ ಚಿತ್ರ ನೋಡಿದ. ಅದನ್ನು ಹಿಂದಕ್ಕೆ ಕೊಟ್ಟ. ಮೇಕೆ ಮಂಗಳವಾರ ಯಾಕೆ ಸುಮ್ಮನಾದನೆಂದು ಆಗ ತಿಳಿಯಿತು. ಅತ್ತೆಯ ಕೈ ಅವನಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ಯಾರು ಎಂಬುದು ಸಿಕ್ಕರೂ ಯಾಕೆ ಎಂಬುದು ಸಿಕ್ಕಿರಲಿಲ್ಲ, ಅದು ಇನ್ಸ್‌ಪೆಕ್ಟರನ್ನು ಹಲ್ಲಿಗೆ ಸಿಕ್ಕಿಕೊಂಡ ನಾರಿನಂತೆ ಕಾಡಿತು. ಗುಪ್ಪೆಗಳ ಸರಿಯಾದ ಸಾಲು ಎಲ್ಲಿಗೆ ಒಯ್ಯುತ್ತದೆಂದು ನೋಡಲು ಒಬ್ಬಳೇ ಮುಂದೆ ನಡೆದಳು. ಒಂಬತ್ತನೆಯದರ ಆಚೆ ಒಂದು ದೊಡ್ಡ ಬಂಡೆಯ ಮಗ್ಗುಲಲ್ಲಿ ಜಗಲಿಯಷ್ಟು ಅಗಲದ ಚಪ್ಪಟೆ ಜಾಗವಿತ್ತು. ಕೆಳಗೆ ಇಡೀ ಕಣಿವೆ. ಗಾಳಿ ಬಂಡೆಗೆ ಬಡಿದು ಎರಡು ಪಾಲಾಗಿ ಹೋಗುತ್ತಿತ್ತು, ಜಗಲಿಯ ಮೇಲೆ ಮಾತ್ರ ಬೆಚ್ಚಗಿತ್ತು. ಗೈಡುಗಳು ನೆಟ್ಟ 'ಫೋಟೋ ಪಾಯಿಂಟ್' ಫಲಕ, ಬಿಸ್ಕತ್ತಿನ ಖಾಲಿ ಪೊಟ್ಟಣಗಳು, ಬಂಡೆಯ ಮೇಲೆ ಕೆತ್ತಿದ ಹೆಸರುಗಳು. ಬಿರುಕಿನ ಒಳಗೆ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ, ಅಚ್ಚುಕಟ್ಟಾಗಿ ಮಡಿಸಿಟ್ಟ ಗೋಣಿಚೀಲ. ಒಬ್ಬರು ಕೂರುವಷ್ಟೇ ದೊಡ್ಡದು.

ಮಂಡಿ ನೋಯುತ್ತಿದ್ದುದರಿಂದ ಅವಳು ಕೂತಳು. ಹತ್ತು ನಿಮಿಷವಾಗಿರಬಹುದು. ಯಾರೂ ಏನನ್ನೂ ಕೇಳಲಿಲ್ಲ. ಕೊನೆಯ ಸಲ ಹೀಗೆ ಹತ್ತು ನಿಮಿಷ ಯಾವಾಗ ಕೂತಿದ್ದೆ ಎಂದು ಲೆಕ್ಕ ಹಾಕಿದಳು. ಲೆಕ್ಕ ಸಿಗದೆ ಎದ್ದಳು.

ಮಧ್ಯಾಹ್ನ 3:15ಕ್ಕೆ ಗುಪ್ಪೆಯಮ್ಮನ ಅಂಗಳ. ಆಕೆ ಗಂಡನ ಹಾಸಿಗೆಯ ಬಟ್ಟೆ ಹಿಂಡುತ್ತಿದ್ದಳು. ಇನ್ಸ್‌ಪೆಕ್ಟರ್ ಚಿತ್ರವನ್ನು ಮುಂದೆ ಹಿಡಿದಳು.

"ಇದು ಯಾರ ಕೈ ಕೆಲಸ?"

ಆಕೆ ಕೈ ಒರೆಸಿಕೊಂಡು ನೋಡಿದಳು. "ನಂದೇ."

"ಸುಳ್ಳು ಗುಪ್ಪೆಗೂ ಚಕ್ಕೆ ಬಡಿದಿದೀರಿ."

"ಸಡ್ಲಾಗಿ ಕಟ್ಟೋಕೆ ಕೈ ಬರಲ್ಲ ತಾಯಿ." ಆಮೇಲೆ ಕೇಳಿದಳು: "ಆ ಹುಡುಗಿ ಎದ್ದು ಓಡಾಡ್ತಾಳಾ?"

"ಇನ್ನೂ ಗೊತ್ತಿಲ್ಲ. ಅಲ್ಲಿ ಜನ ಬೀಳಲಿ ಅಂತ ಕಟ್ಟಿದ್ರಾ?"

"ಅಯ್ಯೋ, ಬಿಡ್ತು ಅನ್ನಿ. ಆ ಕಡೆಯಿಂದ ಇಳಿದ್ರೆ ಕೆಳಗಿನ ತಿರುವಿಗೆ ಹಳೇ ದಾರಿ ಇದೆ. ಕಟ್ಟಿದ ದಿನ ಎರಡು ಸಲ ನಡೆದು ನೋಡಿದ್ದೆ, ಗಟ್ಟಿ ಇತ್ತು. ಆಮೇಲೆ ಮಳೆ ಹಿಡೀತು. ಮುಂದಿನ ಗುರುವಾರ ಹೋಗಿ ನೋಡ್ಬೇಕಿತ್ತು. ಸೊಸೆ ತವರಿಗೆ ಹೋಗಿದ್ಲು, ಮಗೂಗೆ ಜ್ವರ. ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಗುರುವಾರ ತಪ್ಪಿದ್ದು. ಆ ಹುಡುಗಿ ಬಿದ್ಲು ಅಂತ ಕೇಳಿದ ಕೂಡ್ಲೇ ಹೋಗಿ ಹಿಂದಕ್ಕೆ ಕಟ್ಟಿದೆ, ಇನ್ನೊಬ್ರು ಬೀಳಬಾರದಲ್ಲ."

"ಮೊದಲಿಗೆ ಯಾಕೆ ಸರಿಸಿದ್ರಿ?"

ಆಕೆ ಒಳಗೆ ನೋಡಿ ದನಿ ತಗ್ಗಿಸಿದಳು. ಪ್ರತಿ ಗುರುವಾರ ಗುಪ್ಪೆ ನೋಡಲು ಹೋದಾಗ ಬಂಡೆಯ ಮಗ್ಗುಲಲ್ಲಿ ಒಂದು ಗಂಟೆ ಕೂರುತ್ತಿದ್ದಳಂತೆ. ಮಾಡಲು ಏನೂ ಇಲ್ಲ, ಸುಮ್ಮನೆ. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಜನ ಬರತೊಡಗಿದರು. ಹಿಂದಿನ ತಿಂಗಳ ಕೊನೆಯ ಗುರುವಾರ ಹನ್ನೊಂದು ಜನರಿದ್ದರು.

"ಅದ್ರಲ್ಲಿ ಒಬ್ರು ಹೇಳಿದ್ರು, ಅಮ್ಮಾ, ಸ್ವಲ್ಪ ಆ ಕಡೆ ಸರೀರಿ, ಫೋಟೋದಲ್ಲಿ ಬರ್ತೀರಿ ಅಂತ. ಸರಿದೆ. ಅವರು ಹೋದ್ಮೇಲೆ ಗುಪ್ಪೇನೂ ಸರಿಸಿದೆ."

"ನಿಮ್ಮ ತಮ್ಮನ ಮಗ ಐದು ದಿನದಿಂದ ಠಾಣೇಲಿದಾನೆ. ಬಂದು ಹೇಳ್ಬೇಕು ಅನ್ನಿಸಲಿಲ್ವಾ?" ಇನ್ಸ್‌ಪೆಕ್ಟರ್ ದನಿ ಏರಿತು. ಇಡೀ ವಾರದ ಸಿಟ್ಟು ಅದರಲ್ಲಿತ್ತು.

"ಹೊರಟೆ. ಬುಧವಾರ ಹೊರಟೆ, ಇವರು ಹಾಸಿಗೇಲೇ ಮಾಡ್ಕೊಂಡ್ರು. ನಿನ್ನೆ ತಿರುವಿನ ತನಕ ಬಂದಿದ್ದೆ, ಸೊಸೆ ಓಡಿ ಬಂದು ಕರ್ಕೊಂಡು ಹೋದ್ಲು." ಆಕೆ ಹಿಂಡಿದ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ಹೇಳೋಕಾದ್ರೂ ಬಿಡುವು ಬೇಕಲ್ಲ ತಾಯಿ."

ಬಂಧನದ ಪತ್ರಕ್ಕೆ 4:05ಕ್ಕೆ ಸಹಿ ಬಿತ್ತು. ಒಳಗಿನಿಂದ ಗಂಡ, "ಯಾರೇ ಅದು, ಎಲ್ಲಿಗೆ ಹೊರಟೆ?" ಎಂದು ಕೇಳಿದ. ದಫೇದಾರ ವಿಷಯ ತಿಳಿಸಿದ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಎಷ್ಟು ಹೊತ್ತಿಗೆ ಬರ್ತೀಯ?" ಎಂದ.

ಹದಿನಾಲ್ಕರಂದು, ಶನಿವಾರ, ಆಕೆಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿ ಜಿಲ್ಲಾ ಕಾರಾಗೃಹಕ್ಕೆ ಕಳುಹಿಸಲಾಯಿತು. ಮೇಕೆಯ ಹೆಸರನ್ನು ಕೈಬಿಡುವ ವರದಿ ಸಿದ್ಧವಾಯಿತು. ಉಳಿದದ್ದು ಕಡತದಲ್ಲಿ 'ಪ್ರೇರಣೆ' ಎಂಬ ಒಂದು ಕಲಂ. ಇನ್ಸ್‌ಪೆಕ್ಟರ್ ಮೂರು ಸಲ ಬರೆದು ಹೊಡೆದುಹಾಕಿ, ಕೊನೆಗೆ ಬರೆದಳು: ಆರೋಪಿಗೆ ಸದರಿ ಸ್ಥಳದಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಒಬ್ಬಳೇ ಕೂರುವ ರೂಢಿ ಇತ್ತು; ಪ್ರವಾಸಿಗರಿಂದ ಅದು ತಪ್ಪಿತು.

"ಇಷ್ಟೇನಾ ಮೇಡಂ?" ದಫೇದಾರ ಓದಿ ಹೇಳಿದ. "ಕೋರ್ಟಲ್ಲಿ ನಗ್ತಾರೆ. ಹಳೇ ದ್ವೇಷ ಅಂತ ಹಾಕಿ."

"ದ್ವೇಷ ಇರಲಿಲ್ಲ. ಇದೇ ಇರಲಿ."

ಸಂಜೆ 4:30ಕ್ಕೆ ಮೇಕೆ ಪರವಾನಗಿ ಕಾರ್ಡು ಪಡೆಯಲು ಬಂದ. ಬಿಡುಗಡೆಯ ಸಂತೋಷ ಅವನ ಮುಖದಲ್ಲಿ ಇರಲಿಲ್ಲ.

"ನಾನು ಒಪ್ಕೊಂಡಿದ್ದೆನಲ್ಲ ಮೇಡಂ. ಸಾಲದಿತ್ತಾ ನಿಮಗೆ?"

ಇನ್ಸ್‌ಪೆಕ್ಟರ್ ಕಡತವನ್ನು ತಿರುಗಿಸಿ ಆ ಕಲಂ ತೋರಿಸಿದಳು. ಅವನು ನಿಂತೇ ಓದಿದ. ಮತ್ತೊಮ್ಮೆ ಓದಿದ.

"ಆ ಜಾಗ ನನಗೆ ತೋರಿಸಿದ್ದೇ ಅತ್ತೆ. ಚಿಕ್ಕೋನಿದ್ದಾಗ, ಒಂದೇ ಸಲ. ಗೈಡ್ ಆದ್ಮೇಲೆ ಜನಾನ ಮೊದಲು ಕರ್ಕೊಂಡು ಹೋದೋನು ನಾನೇ. ಬೇಡ ಕಣೋ ಅಂದಿದ್ರು. ಯಾಕೆ ಅಂದೆ. ಸುಮ್ಮನಾದ್ರು. ಹೇಳೋಕೆ ಕಾರಣ ಇಲ್ಲ ಅಂದ್ಮೇಲೆ ಏನಾಗತ್ತೆ ಅಂದ್ಕೊಂಡೆ." ಅವನು ಕಡತವನ್ನು ಹಿಂದಕ್ಕೆ ತಳ್ಳಿದ. "ಅವತ್ತಿನ ಹನ್ನೊಂದು ಜನ ನನ್ನ ಜೊತೆ ಬಂದೋರು. ಸರೀರಿ ಅಂದಾಗ ನಾನೂ ನಕ್ಕಿದ್ದೆ."

ಸಹಿ ಹಾಕಿ ಕಾರ್ಡು ತೆಗೆದುಕೊಂಡ. ಬಾಗಿಲ ತನಕ ಹೋದವನು ತಿರುಗಿದ.

"ಅಲ್ಲಿ ಒಳಗೆ ಅತ್ತೆ ಒಬ್ರೇ ಇದಾರಾ?"

"ಇಲ್ಲ," ಇನ್ಸ್‌ಪೆಕ್ಟರ್ ಹೇಳಿದಳು. "ಒಂದೇ ಕೋಣೇಲಿ ಏಳು ಜನ."